12 ಜೋಡಿ ನರಗಳ ತಲೆಬುರುಡೆ: ಬೈಲಹೊಂಗಲದ ಒಂದು ಫಿಸಿಯೋ ಕ್ಲಿನಿಕ್‌ನಿಂದ ವಿಮರ್ಶೆ

ಬೆಳಗಾವಿಯಲ್ಲಿ ವೈದ್ಯಕೀಯ ಪುಸ್ತಕ ಮಾರುವ ಒಂದು ಅಂಗಡಿಯಿಂದ ತಂದ ತಲೆಬುರುಡೆ ಮಾಡೆಲ್ ಬಗ್ಗೆ ಬರೆಯುತ್ತಿದ್ದೇನೆ. ಪ್ಲಾಸ್ಟಿಕ್‌ನದು, ಅಳತೆ ಮಾತ್ರ ನಿಜವಾದ ತಲೆಯದ್ದೇ. ಮೇಲಿನ ಮುಚ್ಚಳ ತೆಗೆದರೆ ಮೆದುಳು. ಮೆದುಳನ್ನು ಎತ್ತಿದರೆ ಬುರುಡೆಯ ತಳ. ಆ ತಳದ ತುಂಬ ತೂತುಗಳು, ತೂತುಗಳಿಂದ ಹೊರಬೀಳುವ ಬಣ್ಣ ಬಣ್ಣದ ನರಗಳು. ಎಡಕಿವಿಯ ಮೂಳೆಯನ್ನು ಅರ್ಧ ಕೊಯ್ದು ಒಳದಾರಿ ಕಾಣುವ ಹಾಗೆ ಮಾಡಿದ್ದಾರೆ. ಬೆಲೆ ₹6,800. ಬೈಲಹೊಂಗಲದಂಥ ಊರಿನ ಸಣ್ಣ ಕ್ಲಿನಿಕ್‌ಗೆ ಇದು ಸಣ್ಣ ಮೊತ್ತ ಅಲ್ಲ. ಆದರೂ ಕೊಟ್ಟದ್ದಕ್ಕೆ ಬೇಜಾರಿಲ್ಲ.

ಮೊದಲು ನನ್ನ ಹತ್ತಿರ ಗೋಡೆಯ ಚಾರ್ಟ್ ಇತ್ತು. ಮೆದುಳನ್ನು ಕೆಳಗಿನಿಂದ ನೋಡಿದ ಚಿತ್ರ, ಅದರಲ್ಲಿ 12 ಜೋಡಿ ಕ್ರೇನಿಯಲ್ ನರಗಳ, ಅಂದರೆ ಬುರುಡೆಯ ತೂತುಗಳಿಂದ ಹೊರಬರುವ ನರಗಳ, ಬುಡ. ಹೆಸರು ಬಾಯಿಪಾಠ ಮಾಡೋದಕ್ಕೆ ಅದು ಸಾಕು. ಆದರೆ ನರ ಹೊರಟು ಎಲ್ಲಿಗೆ ಹೋಯಿತು, ಯಾವ ಸಂದಿಯಲ್ಲಿ ನುಸುಳಿತು ಅನ್ನೋದು ಅಲ್ಲಿ ಇಲ್ಲ. ನಾನು ನೋಡುವ ಕಾಯಿಲೆಗಳೆಲ್ಲ ಹೆಚ್ಚಾಗಿ ಆ ದಾರಿಯಲ್ಲೇ ಆಗುವಂಥವು. ಈ ಮಾಡೆಲ್‌ನ ಬೆಲೆ ಇರುವುದು ಆ ದಾರಿ ತೋರಿಸುವುದರಲ್ಲಿ.

ನನ್ನಲ್ಲಿಗೆ ಬರುವವರಲ್ಲಿ ಮುಖ ಸೊಟ್ಟಗಾದವರು ಜಾಸ್ತಿ. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ಒಂದು ಬದಿಯಿಂದ ಸೋರುತ್ತದೆ. ಒಂದು ಕಣ್ಣು ಮುಚ್ಚುವುದಿಲ್ಲ. ಹೆದರಿಕೊಂಡೇ ಬರುತ್ತಾರೆ. "ಅಕ್ಕಾರ, ಲಕ್ವಾ ಹೊಡದೈತಿ ಅಂತಾರ್ರಿ ಊರಾಗ. ಇನ್ನ ಕೈಕಾಲೂ ಹೋಗ್ತಾವೇನ್ರಿ?" ಅಂತ ಒಬ್ಬ ಕಬ್ಬಿನ ರೈತರು ಕೇಳಿದ್ದು ನೆನಪಿದೆ. ಅವರ ಹೆಂಡತಿ ಪಕ್ಕದಲ್ಲೇ ನಿಂತು, ರಾತ್ರಿ ಟ್ರ್ಯಾಕ್ಟರ್ ಮೇಲೆ ಹೋಗಿ ಗಾಳಿ ಬಡಿದಿದೆ ಎಂದು ಹೇಳುತ್ತಿದ್ದರು. "ಕಾಕಾ, ಹುಬ್ಬು ಮ್ಯಾಲ ಎತ್ರಿ ನೋಡೋಣ" ಅಂದೆ. ಆ ಬದಿಯ ಹುಬ್ಬು ಏಳಲಿಲ್ಲ, ಹಣೆಯಲ್ಲಿ ಒಂದೂ ಗೆರೆ ಮೂಡಲಿಲ್ಲ. ಕೈಕಾಲಿನ ಶಕ್ತಿ, ಮಾತು ಎಲ್ಲ ಸರಿಯಾಗಿದ್ದವು.

ಇಲ್ಲೇ ಮಾಡೆಲ್ ಕೈಗೆ ಬರುವುದು. 7ನೆಯ ನರ, ಅಂದರೆ ಫೇಶಿಯಲ್ ನರ, ಮೆದುಳಿನ ಕಾಂಡದಿಂದ ಹೊರಟು ಕಿವಿಯ ಮೂಳೆಯೊಳಗಿನ ಕಾಲುವೆಯಲ್ಲಿ ಸಾಗುತ್ತದೆ. ಕಾಲುವೆ ತುಂಬ ಇಕ್ಕಟ್ಟು, ಸುತ್ತಲೂ ಗಟ್ಟಿ ಮೂಳೆ. ನರ ಊದಿದರೆ ಹಿಗ್ಗಲು ಜಾಗವಿಲ್ಲ, ತನಗೆ ತಾನೇ ಅದುಮಿಕೊಳ್ಳುತ್ತದೆ. ಮುಖದ ಒಂದು ಬದಿ ದಿಢೀರನೆ ಸೋಲುವ ಬೆಲ್ಸ್ ಪಾಲ್ಸಿ ಎಂಬ ಕಾಯಿಲೆಯಲ್ಲಿ ಆಗೋದು ಇದು. 19ನೆಯ ಶತಮಾನದಲ್ಲಿ ಈ ನರದ ಕೆಲಸ ವಿವರಿಸಿದ ಸ್ಕಾಟ್ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್ ಅವರ ಹೆಸರೇ ಕಾಯಿಲೆಗೆ ಬಂದಿದೆ. ಕೊಯ್ದ ಮೂಳೆಯಲ್ಲಿ ಆ ಹಳದಿ ದಾರವನ್ನು ಬೆರಳಿಟ್ಟು ತೋರಿಸಿದಾಗ ಕಾಕಾ ಸುಮ್ಮನೆ ಬಗ್ಗಿ ನೋಡಿದರು. ಆಮೇಲೆ "ಅಂದ್ರ ಇದು ತಲಿಯಾಗಿಂದಲ್ಲ, ಕಿವಿ ಹಿಂದಿಂದು" ಅಂದರು. ನಾನು ಚಾರ್ಟ್ ಹಿಡಿದು ಎಷ್ಟು ಹೇಳಿದರೂ ಯಾರೂ ಇಷ್ಟು ಬೇಗ ಇದನ್ನು ಹಿಡಿದಿರಲಿಲ್ಲ.

ಹುಬ್ಬಿನ ಪರೀಕ್ಷೆ ಯಾಕೆ ಅಂದರೆ, ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಬದಿಯಿಂದ ಅಪ್ಪಣೆ ಬರುತ್ತದೆ. ಮೆದುಳಿನ ಒಂದು ಬದಿಗೆ ಸ್ಟ್ರೋಕ್ ಆದರೆ ಬಾಯಿ ಸೊಟ್ಟಗಾದರೂ ಹಣೆ ಸಾಮಾನ್ಯವಾಗಿ ಗೆರೆ ಕಟ್ಟುತ್ತದೆ. ನರಕ್ಕೇ ಪೆಟ್ಟಾದರೆ ಹಣೆಯೂ ಸಪಾಟು. ಆದರೆ ಮನೆಯಲ್ಲಿ ಕೂತು ಇದನ್ನು ತೀರ್ಮಾನ ಮಾಡಬೇಡಿ. ಮುಖ ದಿಢೀರನೆ ಸೊಟ್ಟಗಾದರೆ, ಅದರಲ್ಲೂ ಕೈ ಸೋತು ಮಾತು ತೊದಲಿದರೆ, 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆಲ್ಸ್ ಪಾಲ್ಸಿ ಇದ್ದರೂ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, ಅದನ್ನು ಡಾಕ್ಟರೇ ಬರೆದುಕೊಡಬೇಕು. ಊರೂರು ಸುತ್ತಿ ಔಷಧ ಹಾಕಿಸಿಕೊಂಡು ನನ್ನ ಹತ್ತಿರ ಬರುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಕೊಯ್ದ ಮೂಳೆಯಲ್ಲಿ ನರದ ಸಣ್ಣ ಕವಲುಗಳನ್ನೂ ತೋರಿಸಿದ್ದಾರೆ. ಇಷ್ಟು ನಾಜೂಕಾದ ಕೆಲಸವನ್ನು ಈ ಬೆಲೆಯಲ್ಲಿ ನಾನು ನಿರೀಕ್ಷಿಸಿರಲಿಲ್ಲ. ಕಣ್ಣೀರಿನ ಗ್ರಂಥಿಗೆ ಹೋಗುವ ಕವಲು ಒಂದು. ಕಿವಿಯೊಳಗಿನ ಸ್ಟೆಪೀಡಿಯಸ್ ಎಂಬ ಪುಟ್ಟ ಸ್ನಾಯುವಿಗೆ ಇನ್ನೊಂದು. ಅದು ಸೋತರೆ ಪಾತ್ರೆ ಬಿದ್ದ ಸದ್ದೂ ಕಿವಿಗೆ ಬಡಿದಂತಾಗುತ್ತದೆ. ಕಾರ್ಡಾ ಟಿಂಪನಿ ಅನ್ನುವ ಮೂರನೆಯದು ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಭಾಗದ ರುಚಿ ತರುತ್ತದೆ. ಶೇಂಗಾ ಚಟ್ನಿಗೆ ರುಚಿಯೇ ಇಲ್ಲ, ಖಾರ ಮಾತ್ರ ಉರಿಯುತ್ತದೆ ಎಂದು ರೋಗಿಗಳು ಹೇಳೋದಕ್ಕೆ ಕಾರಣ ಇದೇ. ಖಾರದ ಉರಿ ಮುಖದ ಸ್ಪರ್ಶ, ನೋವು ತಿಳಿಸುವ 5ನೆಯ ನರದ್ದು, ಅದು ಚೆನ್ನಾಗಿಯೇ ಇರುತ್ತದೆ. ರೊಟ್ಟಿ ಅಗಿಯೋದು ಕೂಡ 5ನೆಯದರ ಕೆಲಸ, ಹಾಗಾಗಿ ಅಗಿಯಬಲ್ಲರು. ಆದರೆ ಗಲ್ಲದ ಸ್ನಾಯು 7ನೆಯದರದ್ದು. ಅದಕ್ಕೇ ಅಗಿದ ರೊಟ್ಟಿ ಗಲ್ಲದ ಸಂದಿಯಲ್ಲಿ ಉಳಿಯುತ್ತದೆ, ಬೆರಳು ಹಾಕಿ ತೆಗೆಯಬೇಕಾಗುತ್ತದೆ.

ಮೂಳೆಯಿಂದ ಹೊರಬಂದ ಮೇಲೆ ನರ ಮುಖದ ಮೇಲೆ ಹೇಗೆ ಹರಡುತ್ತದೆ ಅನ್ನೋದು ಮಾಡೆಲ್‌ನಲ್ಲಿಲ್ಲ. ಬುರುಡೆಗೆ ಚರ್ಮ ಇಲ್ಲವಲ್ಲ. ಅದಕ್ಕೆ ನಾನು ರೋಗಿಯ ಕಿವಿಯ ಮುಂದೆ ಅಂಗೈ ಇಟ್ಟು ಐದು ಬೆರಳು ಬಿಡಿಸುತ್ತೇನೆ: ಹಣೆಗೆ, ಕಣ್ಣಿಗೆ, ಗಲ್ಲಕ್ಕೆ, ದವಡೆಯ ಅಂಚಿಗೆ, ಕುತ್ತಿಗೆಗೆ. ಮಂಗನಬಾವು ಬಂದಾಗ ಊದುವ ಗ್ರಂಥಿಯನ್ನು ಹಾದೇ ಈ ಕವಲುಗಳು ಹೋಗುತ್ತವೆ. ಆದರೆ ಆ ಗ್ರಂಥಿಗೆ ಜೊಲ್ಲು ಸುರಿಸು ಎಂದು ಹೇಳುವುದು 9ನೆಯ ನರ. ಇನ್ನು ವ್ಯಾಯಾಮದ ಮಾತು. "ಕರೆಂಟ್ ಮಶೀನ್ ಹಚ್ರಿ" ಎಂದು ಬಹಳ ಮಂದಿ ಕೇಳುತ್ತಾರೆ. ನಾನು ಕನ್ನಡಿ ಮುಂದೆ ಕೂರಿಸಿ ನಿಧಾನವಾಗಿ ಒಂದೊಂದೇ ಸ್ನಾಯು ಎಬ್ಬಿಸುವುದನ್ನು ಕಲಿಸುತ್ತೇನೆ. ರಾತ್ರಿ ಕಣ್ಣಿಗೆ ಮುಲಾಮು ಹಾಕಿ ಟೇಪ್ ಅಂಟಿಸಲು ಹೇಳುತ್ತೇನೆ, ಇಲ್ಲದಿದ್ದರೆ ಕಣ್ಣಿನ ಕರಿಗುಡ್ಡೆ ಒಣಗಿ ಹುಣ್ಣಾಗುತ್ತದೆ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ಮುಖ ಮರಳಿ ಬರುತ್ತದೆ. ಕೆಲವರಲ್ಲಿ ಮಾತ್ರ ಮತ್ತೆ ಬೆಳೆಯುವ ನರದ ಎಳೆಗಳು ದಾರಿ ತಪ್ಪುತ್ತವೆ. ಆಗ ನಕ್ಕರೆ ಕಣ್ಣು ಮುಚ್ಚುತ್ತದೆ, ಉಣ್ಣುವಾಗ ಕಣ್ಣೀರು ಸುರಿಯುತ್ತದೆ. ಕಣ್ಣೀರು ಮತ್ತು ಜೊಲ್ಲಿನ ಎಳೆಗಳು ಒಂದೇ ಕಾಲುವೆಯಲ್ಲಿ ಬರುತ್ತವೆ ಎಂದು ಮಾಡೆಲ್‌ನಲ್ಲಿ ನೋಡಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ.

5ನೆಯ ನರವನ್ನೂ ಚೆನ್ನಾಗಿ ಮಾಡಿದ್ದಾರೆ. ಎಲ್ಲಕ್ಕಿಂತ ದಪ್ಪ ಇದು. ಮೂರು ಕವಲು, ಮೂರು ಬಣ್ಣ, ಮೂರು ಬೇರೆ ಬೇರೆ ದಾರಿ. ಹಣೆಯದು ಕಣ್ಣುಗೂಡಿನ ಸೀಳಿನಿಂದ, ಮೇಲ್ದವಡೆಯದು ದುಂಡು ತೂತಿನಿಂದ, ಕೆಳದವಡೆಯದು ಮೊಟ್ಟೆಯಾಕಾರದ ತೂತಿನಿಂದ. ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣು ಉರಿಯೋದನ್ನು ಮೆದುಳಿಗೆ ತಿಳಿಸುವುದು ಈ ನರ, ನೀರು ಸುರಿಸುವುದು 7ನೆಯದು. ಈ ನರಕ್ಕೆ ಬುಡದಲ್ಲಿ ರಕ್ತನಾಳ ಒತ್ತಿದಾಗ ಮುಖದಲ್ಲಿ ಮಿಂಚು ಹೊಡೆದಂಥ ನೋವು ಬರುತ್ತದೆ. ಗಾಳಿ ತಾಗಿದರೂ, ಹಲ್ಲುಜ್ಜಿದರೂ ಸಾಕು. ಹಲ್ಲುನೋವೆಂದು ತಿಳಿದು ಒಳ್ಳೆಯ ಹಲ್ಲು ಕೀಳಿಸಿಕೊಂಡವರನ್ನು ನೋಡಿದ್ದೇನೆ.

ಈಗ ಕೊರತೆಗಳು. ಮೊದಲನೆಯದು ಸಣ್ಣದಲ್ಲ. ಕಣ್ಣು ತಿರುಗಿಸುವ ಒಂದು ಸ್ನಾಯುವಿಗೆ ಹೋಗುವ 4ನೆಯ ನರವನ್ನು ಮೆದುಳಿನ ಕಾಂಡದ ಮುಂಭಾಗದಿಂದ ಹೊರಡಿಸಿದ್ದಾರೆ. 12ರಲ್ಲಿ ಹಿಂಭಾಗದಿಂದ ಹೊರಡುವುದು ಅದೊಂದೇ. ಎಲ್ಲಕ್ಕಿಂತ ತೆಳ್ಳಗಿನದು, ಹಿಂದಿನಿಂದ ಸುತ್ತಿ ಬರುವುದರಿಂದ ಬುರುಡೆಯೊಳಗೆ ತುಂಬ ದೂರ ನಡೆಯುತ್ತದೆ. ತಲೆಗೆ ಪೆಟ್ಟಾದಾಗ ಅದು ಜಗ್ಗುವುದು, ಮೆಟ್ಟಿಲು ಇಳಿಯುವಾಗ ಎರಡೆರಡು ಕಾಣುವುದು ಅದೇ ಕಾರಣಕ್ಕೆ. ಇಷ್ಟು ಮುಖ್ಯವಾದುದನ್ನು ತಪ್ಪು ಜಾಗದಲ್ಲಿ ಅಂಟಿಸಿದರೆ ಕಲಿಯುವ ಮಕ್ಕಳು ತಪ್ಪನ್ನೇ ಕಲಿಯುತ್ತಾರೆ, ಅಲ್ವಾ? ಎರಡನೆಯದು, 11ನೆಯ ನರದ ಬೇರು. ಅದು ಕುತ್ತಿಗೆಯ ಬೆನ್ನುಹುರಿಯಿಂದ ಹುಟ್ಟಿ, ಬುರುಡೆಯ ದೊಡ್ಡ ತೂತಿನಿಂದ ಮೇಲೆ ಹತ್ತಿ, ಮತ್ತೆ ಬೇರೆ ತೂತಿನಿಂದ ಇಳಿಯುತ್ತದೆ. ಮಾಡೆಲ್‌ನಲ್ಲಿ ಹತ್ತುವ ಭಾಗವೇ ಇಲ್ಲ. ಹೆಗಲು ಮೇಲೆತ್ತುವ ಸ್ನಾಯು ಈ ನರದ್ದು. ಕುತ್ತಿಗೆಯ ಗಡ್ಡೆ ತೆಗೆಸಿದ ಮೇಲೆ ಹೆಗಲು ಜೋತುಬಿದ್ದವರಿಗೆ ವ್ಯಾಯಾಮ ಹೇಳುವ ನನಗೆ ಅದು ಬೇಕಿತ್ತು. 10ನೆಯದು, ವೇಗಸ್, ಕುತ್ತಿಗೆಯಲ್ಲೇ ತುಂಡಾಗಿದೆ. ನಿಜದಲ್ಲಿ ಹೊಟ್ಟೆಯವರೆಗೂ ಹೋಗುವ ನರ. ಬುರುಡೆಯ ಮಾಡೆಲ್‌ನಲ್ಲಿ ಇಷ್ಟೇ ಸಾಧ್ಯ, ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಅದರ ಎಡಗಡೆಯ ಒಂದು ಕವಲು ಎದೆಗೆ ಇಳಿದು, ಮಹಾಧಮನಿಯ ಕೆಳಗೆ ತಿರುಗಿ, ಮತ್ತೆ ಗಂಟಲಿಗೆ ಹತ್ತುತ್ತದೆ. ದನಿ ಒಡೆದವರ ಎದೆಯನ್ನೂ ಡಾಕ್ಟರು ಪರೀಕ್ಷಿಸುವುದು ಯಾಕೆ ಎಂದು ಬಾಯಲ್ಲೇ ಹೇಳಬೇಕು. ವಾಸನೆಯ 1, ದೃಷ್ಟಿಯ 2, ನಾಲಿಗೆ ಆಡಿಸುವ 12ರ ಬಗ್ಗೆ ದೂರಿಲ್ಲ.

ಜೊತೆಗೆ ಬರುವ ಪುಸ್ತಿಕೆ ಪೂರ್ತಿ ಇಂಗ್ಲಿಷ್. 12 ಜೋಡಿ ಎಂಬ ಎಣಿಕೆ 1778ರಲ್ಲಿ ಜರ್ಮನಿಯ ಅಂಗರಚನಾ ತಜ್ಞ ಸೊಮ್ಮರಿಂಗ್ ಹಾಕಿಕೊಟ್ಟದ್ದು ಎಂದು ಅದರಲ್ಲಿದೆ. ಅದಕ್ಕಿಂತ ಮೊದಲು, 1664ರಲ್ಲಿ, ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 7 ಮತ್ತು ಕೇಳುವ ನರವಾದ 8ನ್ನು ಒಂದೇ ಜೋಡಿಯಾಗಿ, 9, 10, 11ನ್ನು ಇನ್ನೊಂದು ಜೋಡಿಯಾಗಿ ಎಣಿಸಿದ್ದರು. ಮಾಡೆಲ್ ಕೈಯಲ್ಲಿ ಹಿಡಿದು ನೋಡಿ: 7 ಮತ್ತು 8 ಒಂದೇ ತೂತಿಗೆ ಇಳಿಯುತ್ತವೆ, 9, 10, 11 ಒಟ್ಟಿಗೇ ಇನ್ನೊಂದಕ್ಕೆ. ಅವರ ಎಣಿಕೆ ತಳಬುಡವಿಲ್ಲದ್ದು ಅನ್ನಿಸುವುದಿಲ್ಲ.

ಮೆಡಿಕಲ್ ಓದುವವರು ಇದನ್ನು ಕೊಳ್ಳಬೇಕಿಲ್ಲ. ಅವರಿಗೆ ದಾನ ಬಂದ ದೇಹಗಳಿವೆ, ಅದಕ್ಕೆ ಯಾವ ಪ್ಲಾಸ್ಟಿಕ್ಕೂ ಸಮ ಅಲ್ಲ. 2010ರಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ದಾನವಾಗಿ ಬಂದಿದ್ದ ತಮ್ಮ ತಂದೆಯ ದೇಹವನ್ನೇ ಕೊಯ್ದು ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ನಮ್ಮ ಭಾಗದಲ್ಲಿ ದೇಹದಾನದ ಮಾತು ಬಂದಾಗಲೆಲ್ಲ ನಾನು ಅದನ್ನು ಹೇಳುತ್ತೇನೆ. ಈ ಮಾಡೆಲ್ ಬೇಕಾಗಿರುವುದು ಫಿಸಿಯೋಗಳಿಗೆ, ನರ್ಸಿಂಗ್ ಶಾಲೆಗಳಿಗೆ, ರೋಗಿಗೆ ಕೂತು ವಿವರಿಸುವ ಮನಸ್ಸಿರುವ ಡಾಕ್ಟರುಗಳಿಗೆ.

ಕೊಳ್ಳುವವರು ಅಂಗಡಿಯಲ್ಲೇ ಮೆದುಳನ್ನು ಎತ್ತಿಸಿ, 4ನೆಯ ನರ ಎಲ್ಲಿಂದ ಹೊರಡುತ್ತದೆ ನೋಡಿ. ಇದೇ ಅಳತೆಯದು, ಕಿವಿಯ ಮೂಳೆ ಕೊಯ್ಯದೇ ಇರುವುದು ₹4,500ಕ್ಕೆ ಸಿಗುತ್ತದೆ, ಅಂಗಡಿಯವರು ಮೊದಲು ಅದನ್ನೇ ತೋರಿಸುತ್ತಾರೆ. ಅದು ಬೇಡ. ನರಗಳ ಮೇಲಿನ ಅಂಕಿಗಳು ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತವೆ, ಒದ್ದೆ ಬಟ್ಟೆಯಲ್ಲಷ್ಟೇ ಒರೆಸಿ.