ಸರ್ಕಾರಿ ಕೆಂಪು ಮಾತ್ರೆ: ಮಾಲು ಗಟ್ಟಿ, ಕೊಡುವ ರೀತಿ ಅಷ್ಟಕ್ಕಷ್ಟೆ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ, ಆಶಾ ಕಾರ್ಯಕರ್ತೆಯರು ಮನೆಗೇ ತಲುಪಿಸುವ ಕೆಂಪು ಕಬ್ಬಿಣಾಂಶದ ಮಾತ್ರೆಯನ್ನು ಕಳಪೆ ಎಂದು ಮೂಗು ಮುರಿಯುವವರೇ ಹೆಚ್ಚು. ಔಷಧವಾಗಿ ನೋಡಿದರೆ ಅದು ಕಳಪೆಯಲ್ಲ. ಒಂದು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಕಬ್ಬಿಣ ಬರುವುದು ಫೆರಸ್ ಸಲ್ಫೇಟ್‌ನಿಂದ. 1832ರಲ್ಲಿ ಫ್ರಾನ್ಸಿನ ಪಿಯೇರ್ ಬ್ಲೋ ತಯಾರಿಸಿದ ರಕ್ತಹೀನತೆಯ ಗುಳಿಗೆಗೂ ಇದೇ ಲವಣ ಬಳಕೆಯಾಗಿತ್ತು.

ತಕರಾರು ಇರುವುದು ನುಂಗುವ ಕ್ರಮದಲ್ಲಿ. ಅದನ್ನು ತಿಳಿಯಲು ಅಮೆರಿಕದ ಲಾಸ್ ಏಂಜಲೀಸ್‌ನ ಟೋಮಸ್ ಗಾಂಜ್ ಅವರ ಸಂಶೋಧನೆಯತ್ತ ನೋಡಬೇಕು. ಅವರು ಹುಡುಕುತ್ತಿದ್ದದ್ದು ರೋಗಾಣು ಕೊಲ್ಲುವ ಸಣ್ಣ ಪ್ರೋಟೀನುಗಳನ್ನು. ಮನುಷ್ಯರ ಮೂತ್ರದಲ್ಲಿ ಅವರ ತಂಡಕ್ಕೆ ಸಿಕ್ಕಿದ್ದು 25 ಅಮೈನೋ ಆಮ್ಲಗಳ ಹೆಪ್ಸಿಡಿನ್. ವರದಿ ಬಂದದ್ದು 2001ರಲ್ಲಿ. ಯಕೃತ್ತು ಇದನ್ನು ರಕ್ತಕ್ಕೆ ಬಿಡುತ್ತದೆ. ಕರುಳಿನ ಜೀವಕೋಶದಿಂದ ಕಬ್ಬಿಣ ರಕ್ತಕ್ಕೆ ದಾಟುವ ಬಾಗಿಲು ಫೆರೋಪೋರ್ಟಿನ್. ಹೆಪ್ಸಿಡಿನ್ ಅದಕ್ಕೆ ಅಂಟಿಕೊಂಡು ಅದನ್ನೇ ಒಳಗೆಳೆಸಿ ನಾಶಮಾಡಿಸುತ್ತದೆ ಎಂದು 2004ರಲ್ಲಿ ಎಲಿಜಬೆಟಾ ನೆಮೆತ್, ಗಾಂಜ್ ಮತ್ತು ಸಂಗಡಿಗರು ತೋರಿಸಿದರು. ಸೋಂಕು ಇದ್ದಾಗ ಹೆಪ್ಸಿಡಿನ್ ಏರುತ್ತದೆ. ಜ್ವರ, ಉರಿಯೂತ ಇರುವಾಗ ಮಾತ್ರೆ ಸರಿಯಾಗಿ ಹಿಡಿಯದಿರುವುದು ಇದರಿಂದಲೇ.

60 ಮಿ.ಗ್ರಾಂ ಕಬ್ಬಿಣ ಒಮ್ಮೆ ಒಳಗೆ ಹೋದರೂ ಹೆಪ್ಸಿಡಿನ್ ಏರಿ, ಸುಮಾರು 24 ಗಂಟೆ ಹಾಗೆಯೇ ಉಳಿಯಬಹುದು. ಮಾರನೆಯ ದಿನದ ಮಾತ್ರೆ ಅಷ್ಟಾಗಿ ಹೀರಿಕೊಳ್ಳುವುದಿಲ್ಲ. ಜ್ಯೂರಿಕ್‌ನಲ್ಲಿ ಕಬ್ಬಿಣಾಂಶ ಕಡಿಮೆಯಿದ್ದ, ಆದರೆ ರಕ್ತಹೀನತೆ ಇರದ ಮಹಿಳೆಯರಿಗೆ ಇಷ್ಟೇ ಪ್ರಮಾಣ ಕೊಟ್ಟು ಅಳೆದರು (2017): ದಿನಾ ನುಂಗಿದವರಲ್ಲಿ 16.3%, ದಿನ ಬಿಟ್ಟು ದಿನ ನುಂಗಿದವರಲ್ಲಿ 21.8% ಕಬ್ಬಿಣ ದೇಹ ಸೇರಿತು. ಆದರೆ ಇದನ್ನು ಓದಿ ಬಸುರಿಯರು ತಾವಾಗಿಯೇ ದಿನ ಬಿಡಬಾರದು. ಆ ಮಹಿಳೆಯರು ಗರ್ಭಿಣಿಯರಲ್ಲ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಎಂಬ ಸರ್ಕಾರಿ ಕ್ರಮವೇ ಅವರಿಗೆ. ಉಳಿದವರು ವೈದ್ಯರನ್ನು ಕೇಳಿ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದು, ಹೊಟ್ಟೆ ತೊಳಸುವುದೂ ಕಡಿಮೆಯಾದೀತು.

ಊಟ ಮುಗಿಸಿ, ಕಾಫಿ ಕುಡಿದು, ಕೆಂಪು ಮಾತ್ರೆಯ ಜೊತೆಗೇ ಸುಣ್ಣದ (ಕ್ಯಾಲ್ಸಿಯಂ) ಮಾತ್ರೆಯನ್ನೂ ನುಂಗಿದರೆ ಮುಗಿಯಿತು. ಕಾಫಿ-ಟೀ, ರಾಗಿಯ ಫೈಟೇಟ್, ಕ್ಯಾಲ್ಸಿಯಂ ಎಲ್ಲವೂ ಕಬ್ಬಿಣಕ್ಕೆ ಅಡ್ಡಗಾಲು. ಕಬ್ಬಿಣದ ಮಾತ್ರೆಗೂ ಸುಣ್ಣದ ಮಾತ್ರೆಗೂ ನಡುವೆ ಕನಿಷ್ಠ ಎರಡು ಗಂಟೆ ಬಿಡಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂಬೆ ಪಾನಕದೊಂದಿಗೆ ನುಂಗುವುದು ಉತ್ತಮ. ವಾಕರಿಕೆ ತಡೆಯದವರು ಊಟವಾಗಿ ಒಂದು ಗಂಟೆಯ ಮೇಲೆ ನುಂಗಲಿ, ಹೀರಿಕೆ ಕಡಿಮೆಯಾದರೂ ಬಿಟ್ಟುಬಿಡುವುದಕ್ಕಿಂತ ಮೇಲು. ಮಲ ಕಪ್ಪಾಗುವುದು ಸಹಜ. ಈ ಒಂದು ಮಾತನ್ನು ಮೊದಲೇ ಹೇಳದ ಕಾರಣಕ್ಕೇ ಎಷ್ಟೋ ಮಾತ್ರೆ ತಿಪ್ಪೆ ಸೇರುತ್ತವೆ.

ಅಂಗಡಿಯ ದುಬಾರಿ ಮಾತ್ರೆಗಳೇ ಮೇಲೆಂದು ನಂಬುವ ಅಗತ್ಯವಿಲ್ಲ. ಅಮೆರಿಕದಲ್ಲಿ ಪುಟ್ಟ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ (2017) 12 ವಾರಗಳ ಫೆರಸ್ ಸಲ್ಫೇಟ್ ಹೀಮೋಗ್ಲೋಬಿನ್ ಅನ್ನು ಡೆಸಿಲೀಟರಿಗೆ 11.9 ಗ್ರಾಂಗೆ ತಲುಪಿಸಿತು, ಕಬ್ಬಿಣ-ಪಾಲಿಸ್ಯಾಕರೈಡ್ ಔಷಧ 11.1ಕ್ಕೆ. ನಿಧಾನವಾಗಿ ಕರಗುವ ಲೇಪನದ ಮಾತ್ರೆಗಳು ಕಬ್ಬಿಣ ಹೀರುವ ಜಾಗವನ್ನು ದಾಟಿದ ಮೇಲೆ ಕರಗುತ್ತವೆ, ದುಡ್ಡು ದಂಡ.

ರಕ್ತಹೀನತೆಗೆ ಚಿಕಿತ್ಸೆ ಪಡೆಯುತ್ತಿರುವ ಬಸುರಿಯರಲ್ಲಿ ತಿಂಗಳೊಳಗೆ ಹೀಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರದಿದ್ದರೆ ಮಾತ್ರೆಯನ್ನು ದೂರದೆ ಕಾರಣ ಹುಡುಕಿಸಬೇಕು: ನುಂಗುತ್ತಿದ್ದಾರೆಯೇ, ಕೊಕ್ಕೆಹುಳು ಇದೆಯೇ, ಬಿ12 ಕೊರತೆಯೇ, ಥಲಸ್ಸೀಮಿಯಾ (ಹುಟ್ಟಿನಿಂದಲೇ ಬರುವ ಹೀಮೋಗ್ಲೋಬಿನ್ ದೋಷ) ವಾಹಕರೇ. ಕೆಂಪು ಕಣಗಳು ಸಣ್ಣದಾಗಿದ್ದೂ ಎಣಿಕೆಯಲ್ಲಿ ಹೆಚ್ಚಿದ್ದರೆ ಥಲಸ್ಸೀಮಿಯಾ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಥಲಸ್ಸೀಮಿಯಾ ರೋಗಿಗಳಿಗಂತೂ ವೈದ್ಯರನ್ನು ಕೇಳದೆ ಈ ಮಾತ್ರೆ ಬೇಡವೇ ಬೇಡ. ಅವರ ದೇಹದಲ್ಲಿ ಕಬ್ಬಿಣ ಆಗಲೇ ಜಾಸ್ತಿ.

ನಮ್ಮ ಅಂಕ: ಔಷಧಕ್ಕೆ ಐದರಲ್ಲಿ ನಾಲ್ಕು, ಜೊತೆಗೆ ಸಿಗುವ ಮಾಹಿತಿಗೆ ಎರಡು. ಸಿಹಿ ಲೇಪನದ ಕೆಂಪು ಬಣ್ಣ ಮಕ್ಕಳ ಕಣ್ಣಿಗೆ ಮಿಠಾಯಿಯೇ ಸರಿ. 10 ಕಿಲೋ ತೂಕದ ಮಗುವಿಗೆ ಹತ್ತು ಮಾತ್ರೆ ಜೀವಕ್ಕೇ ಅಪಾಯ ತರುವ ಪ್ರಮಾಣ. ಎತ್ತರದಲ್ಲಿ, ಬೀಗ ಹಾಕಿದ ಜಾಗದಲ್ಲಿ ಇಡಿ. ಮಗು ನುಂಗಿದ್ದು ಗೊತ್ತಾದರೆ ವಾಂತಿಗಾಗಿ ಕಾಯದೆ ಆಸ್ಪತ್ರೆಗೆ ಓಡಿ.