ಲೆಡ್ ಕನ್ನಡಕ: ಗಾಜಿನ ದಪ್ಪಕ್ಕಿಂತ ಕೆನ್ನೆಯ ಸಂದು ಮುಖ್ಯ

ಎಕ್ಸ್-ರೇ ಚಿತ್ರ ನೋಡುತ್ತಲೇ ಹೃದಯದ ರಕ್ತನಾಳಗಳಿಗೆ ಚಿಕಿತ್ಸೆ ಮಾಡುವ ಕ್ಯಾಥ್ ಲ್ಯಾಬ್‌ನಲ್ಲಿ ಕಿರಣ ತಡೆಯುವ ಲೆಡ್ (ಸೀಸ) ಏಪ್ರನ್ ತೊಡದೆ ಯಾರೂ ಟೇಬಲ್ ಹತ್ತಿರ ನಿಲ್ಲುವುದಿಲ್ಲ. ಕನ್ನಡಕ ಮಾತ್ರ ಎಷ್ಟೋ ಕಡೆ ಡ್ರಾಯರ್‌ನಲ್ಲೇ ಬಿದ್ದಿರುತ್ತದೆ. ಭಾರ, ಮೂಗಿನ ಮೇಲೆ ಗಾಯ, ಮಾಸ್ಕಿನ ಉಸಿರಿಗೆ ಮಂಜು: ದೂರುಗಳೆಲ್ಲ ನಿಜವೇ. ಆದರೂ ಅದನ್ನು ಡ್ರಾಯರ್‌ನಿಂದ ತೆಗೆಯಬೇಕಾದ ಕಾರಣ ದೊಡ್ಡದು. 2011ರಲ್ಲಿ ಐಸಿಆರ್‌ಪಿ (ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ) ಇಂಥ ಕೆಲಸದವರ ಕಣ್ಣಿನ ಮಸೂರಕ್ಕಿದ್ದ ವಾರ್ಷಿಕ ಮಿತಿಯನ್ನು 150 ಮಿಲಿಸೀವರ್ಟ್‌ನಿಂದ (ಮೈಗೆ ಬಿದ್ದ ವಿಕಿರಣದ ಅಳತೆ) 20ಕ್ಕೆ ಇಳಿಸಿತು. ಅದು ಐದು ವರ್ಷಗಳ ಸರಾಸರಿ. ಯಾವ ಒಂದು ವರ್ಷವೂ 50 ದಾಟುವಂತಿಲ್ಲ. ಕಣ್ಣಿನ ಪೊರೆ ಬರಿಸಬಲ್ಲ ಪ್ರಮಾಣವನ್ನು 0.5 ಗ್ರೇ (ದೇಹ ಹೀರಿಕೊಂಡ ವಿಕಿರಣದ ಅಳತೆ) ಎಂದು ಆಯೋಗ ಹಿಡಿದಿದೆ; ಒಂದೇ ಸಲ ಬಿದ್ದರೂ ವರ್ಷಗಟ್ಟಲೆ ಚೂರುಚೂರಾಗಿ ಬಿದ್ದರೂ ಲೆಕ್ಕ ಅದೇ.

ಮಸೂರದ ಮುಂಬದಿಯ ಜೀವಕೋಶಗಳು ಜೀವನಪೂರ್ತಿ ವಿಭಜಿಸುತ್ತಲೇ ಇರುತ್ತವೆ. ಕಿರಣದಿಂದ ಕೆಟ್ಟ ಕೋಶಗಳು ಮೆಲ್ಲಗೆ ಹಿಂಬದಿಗೆ ಸರಿದು, ಹಿಂಗೋಡೆಯ ಒಳಮಗ್ಗುಲಲ್ಲಿ ಗುಡ್ಡೆಯಾಗುತ್ತವೆ. ಅವನ್ನು ಹೊರಹಾಕುವ ದಾರಿ ಮಸೂರಕ್ಕಿಲ್ಲ. ಹಾಗಾಗಿ ಈ ಪೊರೆ ಹಿಂಬದಿಯ ನಡುವಿನಲ್ಲೇ ಕೂರುತ್ತದೆ; ಚಿಕ್ಕದಿದ್ದರೂ ಎದುರಿನ ಬೆಳಕು ಕಣ್ಣು ಕುಕ್ಕುತ್ತದೆ, ಓದುವುದು ಕಷ್ಟವಾಗುತ್ತದೆ.

ಈಗ ಕನ್ನಡಕದ ವಿಷಯ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು '0.75 ಮಿ.ಮೀ. ಲೆಡ್ ಸಮಾನ' ಎಂದು, ಅಂದರೆ ಅಷ್ಟು ದಪ್ಪದ ಸೀಸದ ಹಾಳೆಯಷ್ಟೇ ತಡೆ. ಗಾಜಿಗೆ ನೇರ ಬಿದ್ದ ಕಿರಣದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚನ್ನು ಅದು ತಡೆಯುತ್ತದೆ, ಸುಳ್ಳಲ್ಲ. ಆದರೆ ಎಕ್ಸ್-ರೇ ಟ್ಯೂಬ್ ಇರುವುದು ಟೇಬಲ್ ಕೆಳಗೆ. ರೋಗಿಯ ಮೈಯಿಂದ ಚದುರುವ ಕಿರಣ ಕೆಳಗಿನಿಂದ, ಸಾಮಾನ್ಯವಾಗಿ ಎಡಗಡೆಯಿಂದ ಬರುತ್ತದೆ. ವೈದ್ಯರ ಮುಖವೋ ಮಾನಿಟರ್ ಕಡೆ. ಕಿರಣ ಗಾಜನ್ನು ಮುಟ್ಟದೆ ಕೆನ್ನೆ ಮತ್ತು ಫ್ರೇಮಿನ ನಡುವಿನ ಸಂದಿನಲ್ಲೇ ನುಸುಳುತ್ತದೆ. ತಲೆಯೊಳಗೆ ಹೊಕ್ಕ ಕಿರಣ ಅಲ್ಲೇ ಚದುರಿ ಕಣ್ಣಿಗೆ ಮರಳುವುದೂ ಉಂಟು. ಅದಕ್ಕೆ ಯಾವ ಗಾಜೂ ಅಡ್ಡಬರದು. ಇದರಿಂದಲೇ ಕಿರಣವನ್ನು ಇಪ್ಪತ್ತು ಪಟ್ಟು ತಗ್ಗಿಸಬೇಕಾದ ಕನ್ನಡಕ ಕೆಲಸದಲ್ಲಿ ಎರಡರಿಂದ ಐದು ಪಟ್ಟಿಗೆ ಇಳಿಯುತ್ತದೆ. 0.5 ಮಿ.ಮೀ.ಗೂ 0.75 ಮಿ.ಮೀ.ಗೂ ನಡುವಿನ ವ್ಯತ್ಯಾಸ ಈ ಸೋರಿಕೆಯ ಮುಂದೆ ಲೆಕ್ಕಕ್ಕಿಲ್ಲ.

ಹಾಗಾಗಿ ಕೊಳ್ಳುವ ಮೊದಲು ಟಾರ್ಚ್ ಪರೀಕ್ಷೆ ಮಾಡಿ. ಎರಡೂ ಗಾಜಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ, ಕನ್ನಡಕ ಹಾಕಿಕೊಂಡು ಕತ್ತಲೆ ಕೋಣೆಯಲ್ಲಿ ಮಾನಿಟರ್ ಇರುವ ಕಡೆ ಮುಖ ಮಾಡಿ ನಿಲ್ಲಿ. ಇನ್ನೊಬ್ಬರು ಟೇಬಲ್ ಎತ್ತರದಲ್ಲಿ ಎಡಗಡೆಯಿಂದ ಟಾರ್ಚ್ ಬಿಡಲಿ. ಬೆಳಕು ಕಣ್ಣಿಗೆ ಕಂಡರೆ ಕಿರಣಕ್ಕೂ ದಾರಿಯಿದೆ ಎಂದರ್ಥ.

ಚಪ್ಪಟೆ ಗಾಜಿನ, ಪಕ್ಕದ ತಡೆಯಿರುವ ಫ್ರೇಮು ನಂಬರ್ ಕನ್ನಡಕ ಬೇಕಾದವರಿಗೆ ಸರಿ. ಭಾರ 80 ಗ್ರಾಂ ಆಸುಪಾಸು, ತಲೆಹಿಂದೆ ಕಟ್ಟುವ ಪಟ್ಟಿ ಇಲ್ಲದಿದ್ದರೆ ಜಾರುತ್ತದೆ. ಜಾರಿದಂತೆಲ್ಲ ಮೇಲಿನ ಸಂದೂ ತೆರೆದುಕೊಳ್ಳುತ್ತದೆ. ಮುಖಕ್ಕೆ ಸುತ್ತಿಕೊಳ್ಳುವ ಬಾಗಿದ ಮಾದರಿಯೇ ನಮ್ಮ ಆಯ್ಕೆ, ಆದರೆ ಮೂಗಿನ ಅಳತೆಗೆ ಹೊಂದಿದರೆ ಮಾತ್ರ. ಇಡೀ ಮುಖ ಮುಚ್ಚುವ ಲೆಡ್ ಅಕ್ರಿಲಿಕ್ ವೈಸರ್ ಸುಮಾರು 0.1 ಮಿ.ಮೀ. ಸಮಾನ ಅಷ್ಟೆ, ತೆಳುವಾದರೂ ಗಲ್ಲದವರೆಗೆ ಇಳಿಯುವುದರಿಂದ ಸಂದಿನ ಕಾಟ ಕಡಿಮೆ. ಕತ್ತು ಸೋಲುತ್ತದೆ, ಅದೊಂದು.

ಲೆಡ್ ಗಾಜು ಮೆತ್ತಗಿರುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಗೀರು ಖಂಡಿತ. ರಕ್ತ ಸಿಡಿದರೆ ಒಣಗುವ ಮೊದಲೇ ನೀರಿನಲ್ಲಿ ತೊಳೆದು, ಸೌಮ್ಯ ಸೋಪಿನ ನೀರು, ಮೆತ್ತನೆ ಬಟ್ಟೆ. ಗಾಜು ಕೆಳಗಿಟ್ಟು ಮೇಜಿನ ಮೇಲೆ ಮಗುಚಿಡುವ ಅಭ್ಯಾಸ ಬಿಡಬೇಕು. ಬಿದ್ದು ಬಿರುಕು ಬಿಟ್ಟದ್ದನ್ನು ಮತ್ತೆ ಬಳಸುವುದು ಬೇಡ.

ಛಾವಣಿಯಿಂದ ಇಳಿಬಿಟ್ಟ ಲೆಡ್ ಪರದೆ ಇದ್ದೂ ಅದನ್ನು ಪಕ್ಕಕ್ಕೆ ತಳ್ಳಿ ಕನ್ನಡಕವನ್ನೇ ನಂಬುವುದು ತಪ್ಪು ಕ್ರಮ. ಮೊದಲು ಪರದೆ, ಅದರ ಕೆಳ ಅಂಚು ರೋಗಿಯ ಮೇಲಿನ ಬಟ್ಟೆಗೆ ತಾಗುವಷ್ಟು ಹತ್ತಿರ, ಆಮೇಲೆ ಕನ್ನಡಕ. ಕಣ್ಣಿನ ಡೋಸಿಮೀಟರನ್ನು (ಬಿದ್ದ ಕಿರಣ ಅಳೆಯುವ ಸಾಧನ) ಎಡಗಣ್ಣಿನ ಪಕ್ಕದಲ್ಲೇ ಕಟ್ಟಿ. ಗಾಜಿನ ಹೊರಗೆ ಕಟ್ಟಿದ್ದರೆ, ಬಂದ ಅಂಕಿಯನ್ನು ಎರಡರಿಂದ ಭಾಗಿಸಬಹುದು, ಅದೂ ಕನ್ನಡಕ ಪ್ರತಿ ಸಲ ಹಾಕಿದ್ದರೆ. ಪೆಟ್ಟಿಗೆಯ ಮೇಲಿನ ಶೇಕಡಾವಾರು ನಂಬಿ ಇಪ್ಪತ್ತರಿಂದ ಭಾಗಿಸಿದ ವರದಿ ಕಸದ ಬುಟ್ಟಿಗೆ.