ಮೂರು ಕ್ಯಾನ್ ಅಂದರೆ ಒಂದಿಂಚು: ಕುಶಾಲನಗರದ ಬಿಸಿಲಲ್ಲಿ ನಾಲ್ಕು ಹೂಗಿಡ

ಮಡಿಕೇರಿಯಲ್ಲಿರುವ ನನ್ನ ಅಕ್ಕ ಫೋನ್ ಮಾಡಿದಾಗಲೆಲ್ಲ ನಗುತ್ತಾಳೆ. "ಹೂವಿಗೆ ಅಷ್ಟೊಂದು ನೀರು ಹಾಕ್ತೀಯೇನೇ? ನಮ್ಮಲ್ಲಿ ಕುಂಡಕ್ಕೆ ಪಾಚಿ ಹಿಡಿದಿದೆ." ನಾವಿರುವುದು ಕುಶಾಲನಗರದ ಪಕ್ಕ. ಅವಳ ಮನೆಯಿಂದ 30 ಕಿಲೋಮೀಟರ್ ಇಳಿದು ಬಂದರೆ ಮಳೆ ಅರ್ಧಕ್ಕಿಂತ ಕಡಿಮೆ. ಜನವರಿ ಕಳೆಯಿತು ಅಂದರೆ ಅಂಗಳದ ಕೆಮ್ಮಣ್ಣು ಧೂಳು. ಅದೇ ಹೊತ್ತಿಗೆ ತೋಟಗಳಲ್ಲಿ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಶುರುವಾಗುತ್ತದೆ, ನಮ್ಮ ಬಾವಿ ಎರಡು ರಿಂಗ್ ಕೆಳಗಿಳಿಯುತ್ತದೆ.

ಅದಕ್ಕೇ ಈ ಸಲ ಅಳತೆ ಮಾಡಿಯೇ ನೀರು ಹಾಕಿದೆ. ಹನ್ನೆರಡಡಿ ಉದ್ದ, ಮೂರಡಿ ಅಗಲದ ಪಾತಿಯನ್ನು ನಾಲ್ಕು ಪಾಲು ಮಾಡಿ ಪೆಟೂನಿಯಾ, ಚೆಂಡುಹೂ, ಜಿನ್ನಿಯಾ, ಟೇಬಲ್ ರೋಸ್ ನೆಟ್ಟೆ. ಇಲ್ಲಿ ಕಾಫಿಯವರು ಮಳೆಯನ್ನು ಇಂಚು, ಸೆಂಟಲ್ಲಿ ಹೇಳುತ್ತಾರೆ. 100 ಸೆಂಟು ಒಂದು ಇಂಚು. ಮೂರಡಿಗೆ ಮೂರಡಿ ಜಾಗದಲ್ಲಿ ಒಂದಿಂಚು ನೀರು ಅಂದರೆ ಸುಮಾರು 21 ಲೀಟರ್. ನನ್ನ ಕ್ಯಾನ್ 7 ಲೀಟರಿನದು. ಮೂರು ಕ್ಯಾನ್ ಹಾಕಿದರೆ ಒಂದಿಂಚು ಮಳೆ ಬಿದ್ದ ಹಾಗೆ. ಇಂಥ ಗಿಡಗಳಿಗೆ ವಾರಕ್ಕೆ ಒಂದಿಂಚು ಸಾಕು ಅಂತ ಎಲ್ಲರೂ ಹೇಳುತ್ತಾರೆ.

ಪೆಟೂನಿಯಾ ಆ ಮಾತನ್ನು ಕೇಳಲೇ ಇಲ್ಲ. ಜನವರಿಯಲ್ಲಿ ಮೂರು ಕ್ಯಾನಿಗೆ ಸುಮ್ನಿತ್ತು. ಮಾರ್ಚ್ ಬಂದಾಗ ವಾರಕ್ಕೆ ಐದಾದರೂ ಬೇಕಾಯಿತು. ಅದರ ಬೇರು ಆಳಕ್ಕೆ ಹೋಗುವುದಿಲ್ಲ, ಮೇಲಿನ ನಾಲ್ಕು ಬೆರಳು ಮಣ್ಣು ಒಣಗಿತು ಅಂದರೆ ಮುಗಿಯಿತು. ಇಲ್ಲಿ ನಾನೂ ಒಂದು ತಪ್ಪು ಮಾಡಿದೆ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಜೋತು ಬಿದ್ದದ್ದು ನೋಡಿ ಓಡಿಹೋಗಿ ನೀರು ಹಾಕುತ್ತಿದ್ದೆ. ಒಂದು ವಾರ ಹೀಗೇ ನಡೆಯಿತು, ಎರಡು ಗಿಡ ಬುಡದಲ್ಲೇ ಕೊಳೆತವು. ಆಮೇಲೆ ಬೆರಳು ಹಾಕಿ ನೋಡಿದರೆ ಮಣ್ಣು ಒದ್ದೆಯಾಗಿಯೇ ಇತ್ತು! ಬಿಸಿಲು ಏರಿದಾಗ ಎಲೆಯಿಂದ ಆರಿಹೋಗುವಷ್ಟು ನೀರನ್ನು ಬೇರು ಅಷ್ಟು ಬೇಗ ಎಳೆದು ಕೊಡಲಾರದು. ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಈಗ ಬೆಳಿಗ್ಗೆ ಏಳಕ್ಕೆ ನೋಡುತ್ತೇನೆ. ಆ ಹೊತ್ತಲ್ಲೂ ಬಾಡಿದ್ದರೆ ಅದಕ್ಕೆ ನಿಜವಾಗಿಯೂ ಬಾಯಾರಿದೆ.

ಚೆಂಡುಹೂ ಮೂರೂವರೆ, ನಾಲ್ಕು ಕ್ಯಾನಲ್ಲಿ ಚೆನ್ನಾಗಿತ್ತು. ನೀರು ಕಡಿಮೆ ಮಾಡಿದಾಗ ಗಿಡ ಸಾಯಲಿಲ್ಲ, ಹೂ ಮಾತ್ರ ಗುಂಡಿಯಷ್ಟು ಚಿಕ್ಕದಾಯಿತು. ಎಲೆ ಅಡಿಯಲ್ಲಿ ಸಣ್ಣ ಬಲೆ ಕಟ್ಟಿಕೊಂಡು ನುಸಿಯೂ ಬಂತು. ಒಣ ಹವೆ ಅಂದರೆ ನುಸಿಗೆ ಹಬ್ಬ. ಪೂಜೆಗೆ ಬೇಕು ಅನ್ನುವವರು ನೆಡಿ, ನನಗೆ ಅಷ್ಟೇನೂ ಇಷ್ಟವಾಗಲಿಲ್ಲ.

ಜಿನ್ನಿಯಾ ನನ್ನ ಆಯ್ಕೆ. ಮಾರ್ಚಿನಲ್ಲೂ ಮೂರೇ ಕ್ಯಾನ್, ಅದೂ ಎರಡು ಸಲಕ್ಕೆ. ದಿನಾ ಒಂದೊಂದು ಮಗ್ ಚಿಮುಕಿಸುವ ಬದಲು ಒಂದೂವರೆ ಕ್ಯಾನ್ ಒಮ್ಮೆಗೇ ಬುಡಕ್ಕೆ ಇಳಿಯುವಂತೆ ಹಾಕಿದೆ. ನೀರು ಕೆಳಗೆ ಹೋದರೆ ಬೇರೂ ಕೆಳಗೆ ಹೋಗುತ್ತದೆ ಅಲ್ವಾ. ಎಲೆ ಮೇಲೆ ಮಾತ್ರ ನೀರು ಬೀಳಬಾರದು, ಕಂದು ಚುಕ್ಕೆ ಬರುತ್ತದೆ. ಬೀಜ ಹಾಕಿದರೂ ಸುಲಭವಾಗಿ ಹುಟ್ಟುತ್ತದೆ.

ಟೇಬಲ್ ರೋಸ್ ವಾರಕ್ಕೆ ಒಂದೇ ಕ್ಯಾನ್. ಎಲೆಯನ್ನು ಉಗುರಲ್ಲಿ ಹಿಸುಕಿದರೆ ರಸ ಬರುತ್ತದೆ, ನೀರನ್ನು ಅಲ್ಲೇ ಕೂಡಿಟ್ಟುಕೊಂಡಿರುತ್ತದೆ. ನೀರಿನ ಲೆಕ್ಕದಲ್ಲಿ ಇದನ್ನು ಯಾವುದೂ ಮುಟ್ಟಲ್ಲ. ಆದರೆ ಬಿಸಿಲಿಗೆ ಅರಳಿ ಮಧ್ಯಾಹ್ನ ಕಳೆಯುತ್ತಿದ್ದ ಹಾಗೆ ಮುಚ್ಚಿಕೊಳ್ಳುತ್ತದೆ. ನಮ್ಮ ಮನೆಗೆ ನೆಂಟರು ಬರುವುದೇ ಸಂಜೆ. ಅವರು ನೋಡಿದ್ದು ಬರೀ ಹಸಿರು ಹಂಬು.

ಮಾರ್ಚ್ ಕೊನೆಗೆ 60 ಸೆಂಟು ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿತ್ತು. ಪೆಟೂನಿಯಾದ ಹೂವೆಲ್ಲ ಒದ್ದೆ ಕಾಗದದ ಹಾಗೆ ಅಂಟಿಕೊಂಡವು. ಜಿನ್ನಿಯಾ ಎಲೆಗೆ ಒಂದಿಷ್ಟು ಚುಕ್ಕೆ. ಟೇಬಲ್ ರೋಸಿಗೆ ಏನೂ ಆಗಲಿಲ್ಲ. ಎಂಟ್ಹತ್ತು ದಿನಕ್ಕೆ ಸುತ್ತಲಿನ ಕಾಫಿ ಬೆಳ್ಳಗೆ ಅರಳಿತು, ಆಮೇಲೆ ನನ್ನ ಪಾತಿಯನ್ನು ಯಾರೂ ತಿರುಗಿ ನೋಡಲಿಲ್ಲ ಬಿಡಿ.

ಆ ಮಳೆಗೆ ಮುಂಚೆ ಪಾತಿಯ ಅರ್ಧಕ್ಕೆ, ಉದ್ದಕ್ಕೂ, ಸಿಲ್ವರ್ ಓಕಿನ ತರಗೆಲೆಯನ್ನು ಎರಡಿಂಚು ದಪ್ಪ ಹೊದಿಸಿದ್ದೆ. ಟೇಬಲ್ ರೋಸ್ ಬಿಟ್ಟು, ಅದರ ದಂಟು ಕೊಳೆಯುತ್ತದೆ ಅಂತ. ತರಗು ಇದ್ದ ಕಡೆ ಪೆಟೂನಿಯಾಗೂ ಒಂದು ದಿನ ನೀರು ತಪ್ಪಿಸಬಹುದಾಗಿತ್ತು. ಇದನ್ನು ಜನವರಿಯಲ್ಲೇ ಮಾಡಬೇಕಿತ್ತು.

ಬರುವ ವರ್ಷ ಪಾತಿ ತುಂಬ ಜಿನ್ನಿಯಾ, ಮೆಟ್ಟಿಲ ಅಂಚಿಗೆ ಟೇಬಲ್ ರೋಸ್. ಪೆಟೂನಿಯಾವನ್ನು ಪೂರ್ತಿ ಬಿಡಲು ಮನಸ್ಸಿಲ್ಲ. ಎರಡು ಕುಂಡದಲ್ಲಿ ಅಡುಗೆಮನೆ ಬಾಗಿಲ ಪಕ್ಕ ಇಟ್ಟರೆ ಅಕ್ಕಿ ತೊಳೆದ ನೀರು ಅದಕ್ಕೇ ಆಗುತ್ತದೆ.